ಗೊರಗೊರದ ಅಡಿಯಲ್ಲಿ ಒಂದು ದನಿ

"ಆ ಸ್ವಿಚ್ ಹಾಕಿದ್ರೆ ಕೈ ಮುರೀತೀನಿ!"

ಗೋಡೆಯ ಸ್ವಿಚ್ಚಿನ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು. ಪೊಲೀಸ್ ಕೆಲಸದಲ್ಲಿದ್ದಷ್ಟು ಕಾಲ ಯಾವ ರೌಡಿಯೂ ನನಗೆ ಹಾಗೆ ಹೇಳಿರಲಿಲ್ಲ. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲಂತೂ ನನ್ನ ಬಾಯಿಗೆ ಹೆದರದವರಿಲ್ಲ. ಹೇಳಿದವನು ನೋಡಿದರೆ ಪೊರಕೆ ಕಡ್ಡಿ. ಊದಿದರೆ ಹಾರುತ್ತಾನೆ.

"ಏನಂದ್ರಿ?"

"ತಪ್ಪಾಯ್ತು ಮೇಡಂ. ಆದ್ರೆ ಕೈ ತೆಗೀರಿ ಮೊದ್ಲು. ಕೆಂಪು ಗುಂಡಿ ಒತ್ತಿದ ಹಾಗೇ ಇದೆ ನೋಡಿ. ಈಗ ಕರೆಂಟ್ ಕೊಟ್ರೆ ಮೆಷೀನು ಹಾಡಲ್ಲ, ರೆಕಾರ್ಡ್ ಮಾಡೋಕೆ ಶುರು ಮಾಡತ್ತೆ. ಒಳಗೆ ಇರೋದರ ಮೇಲೇನೇ."

ನಾನು ಕೈ ತೆಗೆದೆ.

ಮೇಜಿನ ಮೇಲಿದ್ದದ್ದು ಪುಟ್ಟಿಯ ಟೇಪ್ ರೆಕಾರ್ಡರು. ಹಳೆಯ ಕಾಲದ, ಎರಡು ಚಕ್ರದ, ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವಂಥದು. ಪುಟ್ಟಿ ನನ್ನ ಅಕ್ಕನ ಮಗಳು. ಸೋಮವಾರದಿಂದ ಕಾಣೆ. ಅವಳ ಬಾಡಿಗೆ ಕೋಣೆಯಲ್ಲಿ ನನಗೆ ಸಿಕ್ಕಿದ್ದು ಮಗುಚಿ ಬಿದ್ದ ಕುರ್ಚಿ, ಒಂಟಿ ಚಪ್ಪಲಿ ಮತ್ತು ಈ ಯಂತ್ರ. ಗೋಡೆಯಲ್ಲಿ ಸ್ವಿಚ್ ಆರಿಸಿತ್ತು. ನಾನು ಒಂದು ಗುಂಡಿಯನ್ನೂ ಮುಟ್ಟದೆ ಹಾಗೇ ಹೊತ್ತು ತಂದಿದ್ದೆ.

ತಂದದ್ದು ಈ ನೆಲಮಾಳಿಗೆಗೆ. ಬೀದಿಯವರು ಈ ಅಂಗಡಿಯವನನ್ನು ಗೊರಗೊರಪ್ಪ ಅನ್ನುತ್ತಾರೆ. ಇವನು ಮಾರುವ ಕ್ಯಾಸೆಟ್ಟುಗಳಲ್ಲಿ ಹಾಡಿಲ್ಲ, ತಾಳವಿಲ್ಲ. ಕೆಟ್ಟ ಮೋಟಾರು, ತುಕ್ಕು ಹಿಡಿದ ಕೀಲು, ರೇಡಿಯೋದ ಕರಕರ, ಇವೇ ಸಂಗೀತ. ಟೇಪನ್ನು ಗೇಣುದ್ದ ಮೊಳದುದ್ದ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆಯ ಹಾಗೆ ಮಾಡಿ ಸುತ್ತಿಸುವುದು. ಬಂದದ್ದೇ ಬರುತ್ತದೆ, ಬಂದದ್ದೇ ಬರುತ್ತದೆ. ಅದನ್ನು ದುಡ್ಡು ಕೊಟ್ಟು ಕೇಳುವವರೂ ಇದ್ದಾರೆ. ಅಂಥದ್ದನ್ನು ಮಾಡುವವರಲ್ಲಿ ನಮ್ಮ ಪುಟ್ಟಿ ಒಬ್ಬಳು.

ನಾನು ಇವನ ಮೇಲೆ ಗುಮಾನಿ ಇಟ್ಟುಕೊಂಡೇ ಮೆಟ್ಟಿಲು ಇಳಿದಿದ್ದೆ. ಪುಟ್ಟಿಯ ಫೋನಿನಿಂದ ಕೊನೆಯ ಕರೆ ಹೋದದ್ದು ಇವನಿಗೆ. ಕೋಣೆಗೆ ಹೋಗಿದ್ರಾ ಅಂದರೆ, ಅದು ಎಲ್ಲಿದೆ ಅಂತಲೂ ಗೊತ್ತಿಲ್ಲ ಅಂದಿದ್ದ.

ಅವನು ಕೆಂಪು ಗುಂಡಿಯನ್ನು ಮೆಲ್ಲಗೆ ಮೇಲೆತ್ತಿದ. ಯಂತ್ರದ ಬಲಗಡೆ ಬಗ್ಗಿ ಏನೋ ನೋಡಿದ. ಮುಖ ಬಿಳಿಚಿತು.

"ಏನು?"

"ಏನಿಲ್ಲ."

"ಏನಿಲ್ಲ ಅಂದ್ರೆ ಮುಖ ಯಾಕೆ ಹಾಗಾಯ್ತು?"

"ಮೊದ್ಲು ಕೇಳೋಣ ಮೇಡಂ."

ಸ್ವಿಚ್ ಹಾಕಿದ. ಟೇಪಿನ ಬಳೆ ಯಂತ್ರದಿಂದ ಹೊರಬಂದು, ಅವನು ಪಕ್ಕಕ್ಕೆ ಎಳೆದಿಟ್ಟ ಮೈಕಿನ ಕಂಬವನ್ನು ಬಳಸಿ ಮತ್ತೆ ಯಂತ್ರದೊಳಗೆ ಹೋಗತೊಡಗಿತು. ಗೋಡೆಯ ದೊಡ್ಡ ಸ್ಪೀಕರುಗಳಿಂದ ಸದ್ದು ಬಂತು.

ಹತ್ತು ಜನ ಬಾಯಿ ತುಂಬ ನೀರು ತುಂಬಿಕೊಂಡು ಒಟ್ಟಿಗೆ ಮಾತಾಡಿದರೆ ಹೇಗಿರುತ್ತದೆ, ಹಾಗೆ. ಗೊರಗೊರ, ಗುಂಯ್, ನಡುವೆ ಎಲ್ಲೋ ಏನೋ ಕುಟ್ಟಿದ ಹಾಗೆ. ಅಂಟಿಸಿದ ಜಾಗ ಬಂದಾಗ ಒಂದು ಟಕ್. ಮತ್ತೆ ಅದೇ ಗೊರಗೊರ.

"ಇದರಲ್ಲಿ ಏನಿದೆ ನನ್ನ ತಲೆ?"

"ಎಲ್ಲಾ ಇದೆ ಮೇಡಂ. ಬೇರೆ ಟೇಪ್ ರೆಕಾರ್ಡರಿನಲ್ಲಿ ಹೊಸದು ಬರೆಯೋ ಮುಂಚೆ ಹಳೇದು ಅಳಿಸಿಹೋಗತ್ತೆ. ಅದಕ್ಕೇ ಅಂತ ಅಳಿಸೋ ಹೆಡ್ಡು ಬೇರೆ ಇರತ್ತೆ, ಟೇಪು ಉಜ್ಜಿಕೊಂಡು ಹೋಗೋ ಪುಟ್ಟ ಲೋಹದ ತುಂಡು. ಪುಟ್ಟಿ ಅದಕ್ಕೆ ಅಡ್ಡ ಒಂದು ರಟ್ಟಿನ ಚೂರು ಇಟ್ಟಿರ್ತಾಳೆ. ಹೊಸದು ಬಂದು ಹಳೇದರ ಮೇಲೆ ಕೂತ್ಕೊಳ್ಳತ್ತೆ. ಅವಳ ಸಂಗೀತ ಆಗೋದೇ ಹಾಗೆ. ಮೈಕು ತೆರೆದಿಟ್ಟು, ಮೆಷೀನು ಬಿಟ್ಟು, ತನ್ನ ಪಾಡಿಗೆ ಕೋಣೇಲಿ ಓಡಾಡ್ಕೊಂಡಿರ್ತಾಳೆ."

"ಪಾತ್ರೆ ತೊಳೀದೆ ಅದರಲ್ಲೇ ಮತ್ತೆ ಮತ್ತೆ ಅಡುಗೆ ಮಾಡಿದ ಹಾಗೆ."

"ಹೂಂ. ಹಾಗೇ ಅನ್ನಿ." ಅವನಿಗೆ ನೋವಾದದ್ದು ಗೊತ್ತಾಯಿತು. "ಸೋಮವಾರ ಆ ಕೋಣೇಲಿ ಏನೇನು ನಡೀತೋ ಅಷ್ಟೂ ಇದರಲ್ಲಿದೆ. ಒಂದು ಉಸಿರು ತಗೊಂಡು ಬಿಡೋಷ್ಟು ಹೊತ್ತಿನಲ್ಲಿ. ಒಂದರ ತಲೆ ಮೇಲೊಂದು."

"ಅವಳು ಕೂಗಿದ್ರೆ?"

"ಕೂಗೂ ಇದೆ."

ನನಗೆ ಕೂರಬೇಕು ಅನ್ನಿಸಿತು. ಕೂತೆ. ಟಕ್ ಅಂತು. ಗೊರಗೊರ ಮತ್ತೆ ಬಂತು. ನಮ್ಮ ಮಗು ಅದರೊಳಗೆ ಎಲ್ಲೋ ಬಾಯಿ ತೆರೆದುಕೊಂಡಿತ್ತು. ನನಗೆ ಕೇಳಿಸುತ್ತಿರಲಿಲ್ಲ.

"ಬಿಡಿಸಿ ಹೇಳಿ. ನಿಮಗೆ ಕೇಳತ್ತಲ್ಲ."

"ನಾನು ಹೇಳಿದ್ರೆ ನೀವು ನಂಬ್ತೀರಾ?"

ನಂಬುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ಅದಕ್ಕೇ ನಿಮ್ಮ ಕಿವಿ ಮೊದ್ಲು ಹದ ಆಗ್ಬೇಕು," ಅಂದು ಟೇಪು ನಿಲ್ಲಿಸಿ, ಎದ್ದು ಗೋಡೆಯ ಶೆಲ್ಫಿನ ಹತ್ತಿರ ಹೋದ. ಶೆಲ್ಫಿನ ಮೇಲೆ ಕೈಬರಹದ ಹಲಗೆ: ಕೇಳಲೇಬೇಕಾದವು. ಒಂದೊಂದು ಕ್ಯಾಸೆಟ್ಟಿನ ಕೆಳಗೂ ಇವನೇ ಬರೆದ ಚೀಟಿ. 'ಮೊದಲ ಸಲ ಕೇಳುವವರಿಗೆ.' 'ಊಟ ಮಾಡುತ್ತಾ ಕೇಳಬೇಡಿ.' 'ಒಬ್ಬರೇ ಇದ್ದಾಗ ಬೇಡ.'

"ರೀ, ಅಲ್ಲಿ ಹುಡುಗಿ ಬದುಕಿದಾಳೋ ಸತ್ತಿದಾಳೋ ಗೊತ್ತಿಲ್ಲ. ನಾನಿಲ್ಲಿ ನಿಮ್ಮ ಕಚೇರಿ ಕೇಳ್ತಾ ಕೂರ್ಲಾ?"

"ಎರಡೇ ಎರಡು. ಇದು ಗೇಟು."

"ಯಾವ ಗೇಟು?"

"ಯಾವುದೋ ಒಂದು ಗೇಟು. ತೆಗೆದು ಹಾಕೋ ಸದ್ದು. ಕ್ಯಾಸೆಟ್ಟಿನ ಒಂದು ಪಕ್ಕ ಪೂರ್ತಿ ಅದೇ."

"ಕೊನೇಲಿ ಯಾರಾದ್ರೂ ಒಳಗೆ ಬರ್ತಾರಾ?"

"ಕೊನೇಲಿ ಗೇಟೇ ಇರಲ್ಲ ಮೇಡಂ."

ಅವನು ಕ್ಯಾಸೆಟ್ಟನ್ನು ಅಲ್ಲಲ್ಲಿ ಹಾರಿಸಿ ಹಾರಿಸಿ ಕೇಳಿಸಿದ. ಮೊದಲು ಕಿರ್ ಎಂಬ ಗೇಟು, ಸ್ಪಷ್ಟ. ಆಮೇಲೆ ಆ ಕಿರ್‌ನ ಅಂಚು ಸವೆಯಿತು. ಆಮೇಲೆ ಕಂಬಳಿ ಹೊದೆಸಿದ ಹಾಗೆ. ಕೊನೆಗೆ ಬರೀ ಒಂದು ನರಳಾಟ. "ಹಳೇದಾದ ಸದ್ದಿನಲ್ಲಿ ಮೊದ್ಲು ಸಾಯೋದು ಅಂಚು," ಅಂದ. "ಚೂಪಾಗಿರೋದು ಹೊಸದು. ಮಬ್ಬಾಗಿರೋದು ಹಳೇದು. ಇಷ್ಟು ನೆನಪಿಟ್ಟುಕೊಳ್ಳಿ ಸಾಕು."

ಎರಡನೆಯದರಲ್ಲಿ ಫ್ಯಾನು, ನಲ್ಲಿ, ಯಾರೋ ಹತ್ತುವ ಮೆಟ್ಟಿಲು. ಮೊದಲು ಮೂರೂ ಮುದ್ದೆಯಾಗಿತ್ತು. ಕಣ್ಣು ಮುಚ್ಚಿ ಅಂದ. ಮುಚ್ಚಿದೆ. ಸ್ವಲ್ಪ ಹೊತ್ತಿಗೆ ನಲ್ಲಿ ಮುಂದೆ ಬಂತು, ಫ್ಯಾನು ಹಿಂದೆ ಸರಿಯಿತು. ಕತ್ತಲ ಕೋಣೆಗೆ ಕಣ್ಣು ಹೊಂದಿಕೊಂಡಂತೆ ಕಿವಿ ಹೊಂದಿಕೊಂಡಿತು. ಅದು ನನಗೆ ಖುಷಿ ಕೊಡಬೇಕಿತ್ತು. ಆದರೆ ಇನ್ನು ಆ ಟೇಪು ಹಾಕಿದರೆ ನನಗೆ ಕೇಳಿಸುತ್ತದೆ.

ಶೆಲ್ಫಿನ ನಟ್ಟನಡುವೆ ಇನ್ನೊಂದು ಕ್ಯಾಸೆಟ್ಟು. ಅದರ ಚೀಟಿಯಲ್ಲಿ ಒಂದೇ ಸಾಲು: 'ಇದನ್ನು ಕೇಳದಿದ್ದರೆ ನನ್ನ ಅಂಗಡಿಗೆ ಬರಬೇಡಿ.'

"ಅದು ಯಾರದು?"

"ಅದು ಬೇಡ ಬಿಡಿ."

"ಯಾರದು ಅಂದೆ."

"ಪುಟ್ಟೀದು. ಹೋದ ತಿಂಗಳು ಮಾಡಿದ್ದು."

ನಾನೇ ಎದ್ದು ತೆಗೆದು ಹಾಕಿದೆ. ಒಬ್ಬ ಗಂಡಸಿನ ದನಿ. ವಯಸ್ಸಾದ ದನಿ, ದೂರದಿಂದ, ಮರದ ಹಲಗೆಯ ಆಚೆಯಿಂದ ಬಂದ ಹಾಗೆ. "ಬಾಗಿಲು ತೆಗೀರಿ ಸಾರ್. ಉಸಿರು ಕಟ್ತಿದೆ." ಮತ್ತೆ. "ಬಾಗಿಲು ತೆಗೀರಿ ಸಾರ್." ಮತ್ತೆ. ಕೇಳುತ್ತಾ ಕೇಳುತ್ತಾ ಮಾತು ಹೋಯಿತು, ಉಸಿರು ಮಾತ್ರ ಉಳಿಯಿತು. ಆಮೇಲೆ ಅದೂ ಗಾಳಿಯಾಯಿತು.

ಇದು ನಾಟಕದ ದನಿಯಲ್ಲ. ಠಾಣೆಯಲ್ಲಿ ನಿಜವಾಗಿ ಹೆದರಿದವರ ದನಿ ನಾನು ಕೇಳಿದ್ದೇನೆ.

"ಇದೆಲ್ಲಿ ಸಿಕ್ತು ಅವಳಿಗೆ?"

"ಗೊತ್ತಿಲ್ಲ." ಅವನು ನನ್ನ ಮುಖ ನೋಡಲಿಲ್ಲ.

"ಪುಟ್ಟಿ ಟೇಪು ಹಾಕಿ."

ಈ ಸಲ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು. ಒಂದೇ ವೈರಿಗೆ ಎರಡು ಜೊತೆ. ಸ್ಪೀಕರುಗಳು ಸುಮ್ಮನಾದವು. ಗೊರಗೊರ ನೇರ ತಲೆಯೊಳಗೇ ಬಂದು ಕೂತಿತು. ಕಣ್ಣು ಮುಚ್ಚಿದೆ. ಒಂದು ಸುತ್ತು, ಇನ್ನೊಂದು ಸುತ್ತು. ಕುಟ್ಟಿದ ಹಾಗಿದ್ದದ್ದು ಬಾಗಿಲು ಬಡಿತವಾಯಿತು. ಗುಂಯ್ ಅನ್ನುತ್ತಿದ್ದದ್ದು ಪುಟ್ಟಿಯ ಗುನುಗು. ಲೋಟಕ್ಕೆ ಚಮಚ ತಾಗಿದ ಸದ್ದು. ಅವುಗಳ ಕೆಳಗೆ, ತೀರಾ ಕೆಳಗೆ, ಕಂಬಳಿಯೊಳಗಿಂದ ಬಂದ ಹಾಗೆ ಒಬ್ಬ ಗಂಡಸು: "ತೆಗೆಯಲ್ಲ ಅಂದ್ರೆ ತೆಗೆಯಲ್ಲ!"

ಆ ದನಿ ನನಗೆ ಗೊತ್ತಿತ್ತು. ಇವತ್ತು ಅದೇ ದನಿ ಕೈ ಮುರೀತೀನಿ ಅಂದಿತ್ತು.

ನಾನು ಹೆಡ್‌ಫೋನ್ ಕಿತ್ತು ಎಸೆದು ಅವನ ಕಾಲರ್ ಹಿಡಿದೆ. ಅವನ ತಲೆ ಗೋಡೆಗೆ ಬಡಿಯಿತು. ಶೆಲ್ಫು ಅಲುಗಾಡಿ ನಾಲ್ಕಾರು ಕ್ಯಾಸೆಟ್ಟು ಉದುರಿದವು.

"ಕೋಣೆ ಎಲ್ಲಿದೆ ಅಂತಲೇ ಗೊತ್ತಿಲ್ಲ ಅಂದ್ಯಲ್ಲೋ!"

"ಮೇಡಂ, ಬಿಡಿ, ಕತ್ತು..."

"ಎಲ್ಲೋ ನಮ್ಮ ಹುಡುಗಿ? ಹೇಳು. ಇಲ್ಲಾಂದ್ರೆ ನಿನ್ನನ್ನೇ ಕತ್ತರಿಸಿ ತುದಿಗೆ ತುದಿ ಅಂಟಿಸ್ತೀನಿ."

"ಹೋಗಿದ್ದೆ! ಸೋಮವಾರ ಬೆಳಗ್ಗೆ ಹೋಗಿದ್ದೆ. ಜಗಳ ಆಯ್ತು. ಬಂದ್ಬಿಟ್ಟೆ. ದೇವರಾಣೆ ಅಷ್ಟೇ."

"ಯಾವುದಕ್ಕೆ ಜಗಳ?"

"ಆ ಕ್ಯಾಸೆಟ್ಟಿಗೆ. ಶೆಲ್ಫಿಂದ ತೆಗೀರಿ, ಎಲ್ಲಾ ವಾಪಸ್ ಕೊಡಿ, ಯಾರಿಗೂ ಕೇಳಿ ಅಂತ ಹೇಳ್ಬೇಡಿ ಅಂದ್ಲು. ಆ ದನಿ ಅವಳು ಮನೇಲಿದ್ದ ಹಳೇ ಟೇಪಿಂದ ಕತ್ತರಿಸಿದ್ದಂತೆ. ಮನೆಯವರಿಗೆ ಗೊತ್ತಾಗಿ ಗಲಾಟೆ ಆಗ್ತಿದೆ ಅಂದ್ಲು. ಅಳ್ತಿದ್ಲು ಮೇಡಂ. ನಾನು ತೆಗೆಯಲ್ಲ ಅಂದೆ. ಅಷ್ಟು ಒಳ್ಳೇದು ಈ ಅಂಗಡೀಲಿ ಇನ್ನೊಂದಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಕಳ್ಳರೂ ಅಳುತ್ತಾರೆ. ನಾನು ಕಾಲರ್ ಬಿಡಲಿಲ್ಲ.

"ನಾನು ಎಲ್ಲಿದೀನಿ ನೀವೇ ಕೇಳಿದ್ರಲ್ಲ? ತಳದಲ್ಲಿ. ಮಬ್ಬಾಗಿ. ಗೇಟಿನ ಹಾಗೆ. ನಾನು ಹೋದ್ಮೇಲೆ ಅವಳು ಗುನುಗಿದಾಳೆ. ಚಮಚ ಆಡಿಸಿದಾಳೆ. ಆಮೇಲೆ ಯಾರೋ ಬಾಗಿಲು ಬಡಿದಿದಾರೆ. ಅದು ನನಗಿಂತ ಎಷ್ಟು ಚೂಪಾಗಿದೆ ಹೇಳಿ!"

ಚೂಪಾಗಿತ್ತು. ನನ್ನ ಕಿವಿಯೇ ಕೇಳಿತ್ತು.

"ಇನ್ನೊಂದು ಹೇಳ್ಬೇಕು. ಮೊದ್ಲೇ ಹೇಳ್ಬೇಕಿತ್ತು. ಹೆದರಿ ಸುಮ್ಮನಿದ್ದೆ." ಅವನು ಯಂತ್ರದ ಬಲಗಡೆ ಬೆರಳು ತೋರಿಸಿದ. "ಮೈಕಿನ ತಿರುಪು ನೋಡಿ. ಪೂರ್ತಿ ಮುಚ್ಚಿದೆ. ನೀವು ಮುಟ್ಟಿದ್ರಾ?"

"ಇಲ್ಲ."

"ಪುಟ್ಟಿ ಅದನ್ನ ಯಾವತ್ತೂ ಮುಚ್ಚಲ್ಲ. ಮೈಕು ಮುಚ್ಚಿ ಕೆಂಪು ಗುಂಡಿ ಒತ್ತಿ ಬಿಡೋದು ಅಂದ್ರೆ ಒಂದೇ ಅರ್ಥ. ಟೇಪು ಒರೆಸೋದು. ಬೇರೆ ಯಾವ ಮೆಷೀನಲ್ಲಾದ್ರೂ ಒಂದೇ ಸುತ್ತಿಗೆ ಎಲ್ಲಾ ಖಾಲಿ. ಅಳಿಸಿದೆ ಅಂದ್ಕೊಂಡು ಗೋಡೆ ಸ್ವಿಚ್ ಆರಿಸಿ ಹೋಗಿದಾನೆ. ಅಡ್ಡ ರಟ್ಟಿದೆ ಅಂತ ಅವನಿಗೆ ಗೊತ್ತಿಲ್ಲ."

"ನಿನಗೆ ಗೊತ್ತಿತ್ತು."

"ಆ ರಟ್ಟು ಕತ್ತರಿಸಿ ಇಟ್ಟುಕೊಟ್ಟವನೇ ನಾನು. ನಾನಾಗಿದ್ರೆ ಟೇಪನ್ನೇ ಕಿತ್ತು ಜೇಬಿಗೆ ಹಾಕ್ಕೊಂಡು ಹೋಗ್ತಿದ್ದೆ."

ನನ್ನ ಕೈ ತಾನಾಗಿ ಸಡಿಲವಾಯಿತು. ಅವನು ಕೆಮ್ಮುತ್ತಾ ಕುಸಿದು ಕೂತ. ನಾನು ಕ್ಷಮೆ ಕೇಳಲಿಲ್ಲ. ಕೇಳುವಷ್ಟು ವ್ಯವಧಾನ ಇರಲಿಲ್ಲ.

"ಹಾಗೆ ಒರೆಸೋ ಅಭ್ಯಾಸ ಯಾರಿಗಿರತ್ತೆ?"

"ಈಗಿನವರಿಗೆ ಯಾರಿಗಿರತ್ತೆ? ಹಳಬರಿಗೆ. ಆಫೀಸುಗಳಲ್ಲಿ ಮಾತುಕತೆ ಟೇಪ್ ಮಾಡ್ಕೊಂಡು, ಟೈಪ್ ಮಾಡಿ ಮುಗಿಸಿ, ಅದೇ ಟೇಪು ಒರೆಸಿ ಮತ್ತೆ ಬಳಸ್ತಿದ್ದರಲ್ಲ, ಅಂಥವರಿಗೆ."

ಅಕ್ಕನ ಮದುವೆಯಾದ ಹೊಸದರಲ್ಲಿ ನಾನು ಅವಳ ಮನೆಯಲ್ಲಿದ್ದು ಓದಿದವಳು. ಭಾವ ಆಫೀಸಿನಿಂದ ಟೇಪ್ ರೆಕಾರ್ಡರು ಮನೆಗೆ ತರುತ್ತಿದ್ದರು. ಟೈಪ್ ಮಾಡಿ ಮುಗಿಸಿದ ಮೇಲೆ ಅದು ಊಟದ ಮೇಜಿನ ಮೂಲೆಯಲ್ಲಿ ಸದ್ದಿಲ್ಲದೆ ಸುತ್ತುತ್ತಿರುತ್ತಿತ್ತು. ಮುಟ್ಟಬೇಡ್ರೇ, ಒರೆಸೋಕೆ ಹಾಕಿದೀನಿ ಅನ್ನುತ್ತಿದ್ದರು.

ಆಗಿನ ಕಾಲದಲ್ಲಿ ಅಂಥ ಕೆಲಸ ಮಾಡಿದವರು ಸಾವಿರ ಜನ ಇದ್ದಾರೆ ಅಂದುಕೊಂಡೆ. ಗಟ್ಟಿಯಾಗಿ ಅಂದುಕೊಂಡೆ.

"ಎಲ್ಲಕ್ಕಿಂತ ಮೇಲಿರೋದು ಬೇಕು ನನಗೆ. ಮೈಕು ಮುಚ್ಚೋ ಮುಂಚೆ ಕೊನೇದಾಗಿ ಕೂತಿದ್ದು."

ಅವನು ದಪ್ಪ ಸದ್ದಿನ ತಿರುಪನ್ನು ಪೂರ್ತಿ ಇಳಿಸಿದ, ಸಣ್ಣ ಸದ್ದಿನದನ್ನು ಪೂರ್ತಿ ಏರಿಸಿದ, ವಾಲ್ಯೂಮನ್ನು ಕೊನೆಯ ಗೆರೆಗೆ ಒಯ್ದ. ಮತ್ತೆ ಹೆಡ್‌ಫೋನ್. ಅವನ ಸ್ವಂತ ದನಿ ಮುಳುಗಿಹೋಯಿತು. ಗುನುಗು ತೆಳುವಾಯಿತು. ಬಾಗಿಲ ಬಡಿತ ಉಗುರಿನಿಂದ ತಟ್ಟಿದಷ್ಟಾಯಿತು. ಅವೆಲ್ಲದರ ಮೇಲೆ, ಈಗ ತಾನೇ ಪಕ್ಕದಲ್ಲಿ ನಿಂತು ಹೇಳಿದ ಹಾಗೆ, ಪುಟ್ಟಿ.

"ಅಪ್ಪಾ, ಕೈ ಬಿಡು. ಆ ಟೇಪು ಕೊಡ್ತೀನಿ."

ಆಮೇಲೆ ಕುರ್ಚಿ ಬಿದ್ದ ಸದ್ದು. ಟಕ್.

"ಅಪ್ಪಾ, ಕೈ ಬಿಡು. ಆ ಟೇಪು ಕೊಡ್ತೀನಿ."

ಟಕ್.

ಗೊರಗೊರಪ್ಪ ನನ್ನ ಕಡೆ ನೋಡಿದ. ಹಲಗೆಯ ಆಚೆಯ ಆ ಮುದುಕ 'ಸಾರ್' ಅಂದದ್ದು ಭಾವನಿಗೆ. ಭಾವನ ಆ ಕೈ ನನಗೆ ಸೈಕಲ್ ಕಲಿಸಿದ ಕೈ. ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆಯ ಜಗಲಿಯಲ್ಲಿ ಗಡಗಡ ನಡುಗುತ್ತಿದ್ದ ಕೈ. ಈ ನಾಲ್ಕು ದಿನ ಅಕ್ಕನ ತಲೆ ನೇವರಿಸುತ್ತಾ ಸೋಫಾದಲ್ಲಿ ಕೂತಿದ್ದದ್ದೂ ಅದೇ ಕೈ.

ಅಕ್ಕ ಮನೆಯಲ್ಲಿ ಅವರೊಬ್ಬರ ಜೊತೆಯಲ್ಲೇ ಇದ್ದಾಳೆ.

ನಾನು ಹೆಡ್‌ಫೋನ್ ಕಳಚಿ, ಫೋನ್ ಹಿಡಿದು ಮೆಟ್ಟಿಲ ಕಡೆ ಓಡಿದೆ. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಮೂರು ಮೆಟ್ಟಿಲು ಹತ್ತಿದ್ದೇ ತಡ, ಅದೇ ಕುಣಿಯತೊಡಗಿತು. ಅಕ್ಕ.

"ಎಷ್ಟು ಸಲ ಮಾಡೋದೇ ನಿಂಗೆ ಫೋನು? ಎಲ್ಲಿ ಸತ್ತಿದ್ದೆ?" ಅವಳು ನಗುತ್ತಿದ್ದಳು. ಸೋಮವಾರದಿಂದ ಆ ನಗು ಕೇಳಿರಲಿಲ್ಲ. "ಪುಟ್ಟಿ ಎಲ್ಲಿದಾಳೆ ಅಂತ ಗೊತ್ತಾಯ್ತಂತೆ ಕಣೇ! ನಿಮ್ಮ ಭಾವಂಗೆ ಯಾರೋ ಹೇಳಿದ್ರಂತೆ. ಅಲ್ಲಿಗೇ ಹೊರಟಿದೀವಿ. ಕಾರಲ್ಲಿದೀನಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಎಲ್ಲಿಗೆ ಅಕ್ಕ?"

"ಅಯ್ಯೋ, ಖುಷೀಲಿ ಕೇಳೇ ಇಲ್ಲ ನೋಡು. ಊರಾಚೆ ಬಂದ್ಬಿಟ್ವಿ ಆಗ್ಲೇ."

ನಾನು ದನಿ ತಗ್ಗಿಸಿದೆ. "ಅಕ್ಕ, ನಾನು ಹೇಳಿದ ಹಾಗೆ ಮಾಡು. ಏನೂ ಕೇಳ್ಬೇಡ. ವಾಂತಿ ಬರ್ತಿದೆ ಅನ್ನು. ಕಾರು ನಿಲ್ಸಿ ಕೆಳಗಿಳಿ. ಜನ ಇರೋ ಕಡೆ."

"ಯಾಕೇ? ನಂಗೇನಾಗಿದೆ?" ಅವಳು ಜೋರಾಗಿ ನಕ್ಕಳು. "ರೀ, ನೋಡ್ರೀ ಇವಳನ್ನ! ನನಗೆ ವಾಂತಿ ಬರ್ತಿದೆ ಅಂತ ಹೇಳ್ಬೇಕಂತೆ!"

ನಾನು ಗೋಡೆ ಹಿಡಿದೆ.

"ಕೊಡು ಇಲ್ಲಿ," ಅಂದ ಭಾವನ ದನಿ. "ಸ್ಪೀಕರಿಗೆ ಹಾಕು, ಗಾಡಿ ಓಡಿಸ್ತಿದೀನಿ. ಏನಮ್ಮಾ ಇನ್‌ಸ್ಪೆಕ್ಟ್ರಮ್ಮಾ? ಏನದು ವಾಂತಿ ವಿಚಾರ?"

"ಅದೇ ಭಾವ, ಅಕ್ಕ ನಾಲ್ಕು ದಿನದಿಂದ ಸರಿಯಾಗಿ ತಿಂದಿಲ್ಲವಲ್ಲ. ಕಾರಲ್ಲಿ ಹೋದ್ರೆ ಹಾಗಾಗತ್ತೆ ಅಂತ." ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಜೀವಮಾನವಿಡೀ ಕೂಗಾಡಿದವಳು ನಾನು. ಮೆತ್ತಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಹೂಂ." ಗೇರು ಬದಲಾದ ಸದ್ದು ಬಂತು. "ಪುಟ್ಟಿ ಮೆಷೀನು ಹೊತ್ಕೊಂಡು ಯಾವುದೋ ಅಂಗಡಿಗೆ ಹೋದ್ಯಂತೆ. ನಿಮ್ಮಕ್ಕ ಹೇಳಿದ್ಲು. ಏನಾದ್ರೂ ಸಿಕ್ತಾ?"

"ಏನೂ ಇಲ್ಲ ಭಾವ. ಖಾಲಿ."

"ಖಾಲಿನಾ?"

"ಪೂರ್ತಿ ಖಾಲಿ. ನೀವೆಲ್ಲಿದೀರಿ ಹೇಳಿ, ನಾನೂ ಬರ್ತೀನಿ. ಪುಟ್ಟಿ ನೋಡ್ಬೇಕು ನಂಗೂ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ಭಾರ ಇಳಿಸಿದವರ ಉಸಿರು. "ಬಾರಮ್ಮ, ಬಾ. ಅದಕ್ಕೇನಂತೆ? ಹೇಳ್ತೀನಿ ಕೇಳು, ಊರಾಚೆ ಹಳೇ..."

ಕೆಳಗೆ ಗೊರಗೊರಪ್ಪ ಇನ್ನೂ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಮೇಲೆ ಬಾಗಿ ಕೂತಿದ್ದ. ಏನು ಕೇಳಿಸಿತೋ, ದಡಕ್ಕನೆ ಎದ್ದು ನನ್ನ ಕಡೆ ತಿರುಗಿದ. "ಮೇಡಂ, ಇದರಲ್ಲಿ ಅವರಪ್ಪನ ದನೀನೂ ಇದೆ!" ಅನ್ನುತ್ತಾ ಓಡಿ ಬಂದ. ವೈರು ಬಿಗಿಯಿತು. ನಾನು ಕೈ ಅಡ್ಡ ಮಾಡಿದೆ, ನಿಲ್ಲು ಅಂತ ಬಾಯಿ ತೆರೆದೆ.

ವೈರು ಕಿತ್ತು ಬಂತು.

ದೊಡ್ಡ ಸ್ಪೀಕರುಗಳು ಎರಡೂ ಒಟ್ಟಿಗೆ ಬಾಯಿ ಬಿಟ್ಟವು. ನೆಲಮಾಳಿಗೆಯ ಗೋಡೆಗಳು ಅದಿರುವಂತೆ, ಮೆಟ್ಟಿಲು ಹತ್ತಿ, ನನ್ನ ಕೈಯ ಫೋನಿನೊಳಗೆ ಹೊಕ್ಕು, ಊರಾಚೆಯ ಆ ಕಾರಿನವರೆಗೂ:

"ಅಪ್ಪಾ, ಕೈ ಬಿಡು. ಆ ಟೇಪು ಕೊಡ್ತೀನಿ."

ಫೋನಿನಲ್ಲಿ ಎಂಜಿನ್ನಿನ ಸದ್ದು ಇಳಿಯಿತು. ಚಕ್ರದಡಿ ಜಲ್ಲಿ ಕರಕರ ಅಂದದ್ದು ಕೇಳಿಸಿತು. ಕಾರು ನಿಂತಿತು.

"ರೀ," ಅಂದಳು ಅಕ್ಕ, ಇನ್ನೂ ಆ ಖುಷಿಯಲ್ಲೇ. "ಪುಟ್ಟಿ ದನಿ ಅಲ್ವಾ ಅದು? ಯಾಕ್ರೀ ಗಾಡಿ ನಿಲ್ಸಿದ್ರಿ?"